ಅಜ್ಜಿ ಕಥೆಯಿಂದ ಮಕ್ಕಳ ನಾಟಕಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಊರಿನ ಯುವಕ ಸಂಘಗಳಲ್ಲಿ ಮಕ್ಕಳ ನಾಟಕ ಕಟ್ಟುವವರಿಗಾಗಿ ಈ ಪುಟ. 6ರಿಂದ 13 ವರ್ಷದ ಮಕ್ಕಳು ಆಡುವ, ಹೆಚ್ಚುಕಡಿಮೆ ಅದೇ ವಯಸ್ಸಿನವರು ನೋಡುವ ನಾಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ.

ಯಾವ ಕಥೆ ರಂಗದ ಮೇಲೆ ನಿಲ್ಲುತ್ತದೆ?

ಓದಲು ಚೆನ್ನಾಗಿರುವ ಕಥೆಗಳೆಲ್ಲ ಆಡಲು ಒದಗುವುದಿಲ್ಲ. ಮುಖ್ಯ ಪಾತ್ರಕ್ಕೆ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ಆಗುತ್ತದೆಯೇ ಎಂದು ಮೊದಲು ನೋಡಿ. ಕಾಗಕ್ಕನಿಗೆ ಮಳೆಯಲ್ಲಿ ಒಂದು ಸೂರು ಬೇಕು. ಪುಣ್ಯಕೋಟಿಗೆ ಕರುವಿಗೆ ಒಮ್ಮೆ ಹಾಲುಣಿಸಿ ಬರಬೇಕು. ಇಷ್ಟು ಗೊತ್ತಾದರೆ ಎರಡನೇ ತರಗತಿಯ ಮಗುವೂ ಪಾತ್ರ ಹಿಡಿಯುತ್ತದೆ.

ಎರಡನೆಯದಾಗಿ, ಒಂದೇ ಘಟನೆ ಮೂರು ನಾಲ್ಕು ಸಲ ಬಂದು ಪ್ರತಿ ಸಲವೂ ಚೂರು ಬದಲಾಗಬೇಕು. ಕಾಗಕ್ಕ ಗುಬ್ಬಕ್ಕನ ಕಥೆ ಇಷ್ಟು ವರ್ಷ ಬಾಳಿರುವುದು ಇದರಿಂದಲೇ. ಸಗಣಿ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಮ್ಮೆ "ಮಗೂಗೆ ನೀರು ಹಾಕ್ತಿದೀನಿ ತಡಿ" ಅನ್ನುತ್ತಾಳೆ, ಇನ್ನೊಮ್ಮೆ ಒರೆಸುತ್ತಿದ್ದೇನೆ, ಮತ್ತೊಮ್ಮೆ ಮಲಗಿಸುತ್ತಿದ್ದೇನೆ ಅನ್ನುತ್ತಾಳೆ. ಮೂರನೇ ಸಲಕ್ಕೆ ಕೆಳಗೆ ಕೂತ ಮಕ್ಕಳೇ ಉತ್ತರ ಕೂಗಿರುತ್ತಾರೆ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಆಡಿದರೆ ಆ ಮಳೆ ಎಂಥದ್ದು ಎಂದು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಜಾಗ. ಮೂರಕ್ಕಿಂತ ಹೆಚ್ಚು ಸ್ಥಳಗಳಿದ್ದರೆ ಅರ್ಧ ನಾಟಕ ಸಾಮಾನು ಎತ್ತಿಡುವುದರಲ್ಲೇ ಮುಗಿಯುತ್ತದೆ. ಗುಂಪಿಗೆ ಕೆಲಸವಿದೆಯೇ ಎಂಬುದನ್ನೂ ನೋಡಿ. ವಾರ್ಷಿಕೋತ್ಸವಗಳಲ್ಲಿ ತೆನಾಲಿ ರಾಮನ ಕಥೆಗಳಿಗೆ ಬೇಡಿಕೆ ಜಾಸ್ತಿ. ಆದರೆ ಅವುಗಳ ಸ್ವಾರಸ್ಯವೆಲ್ಲ ಕೊನೆಯ ಒಂದು ಮಾತಿನಲ್ಲಿರುತ್ತದೆ. ಅಲ್ಲಿಯವರೆಗೆ ಇಬ್ಬರು ಮಾತಾಡುತ್ತಾರೆ, ಉಳಿದ 20 ಮಂದಿ ಆಸ್ಥಾನಿಕರಾಗಿ ನಿಂತು ಕಾಲು ಬದಲಿಸುತ್ತಿರುತ್ತಾರೆ.

ಕಥೆಯನ್ನು ದೃಶ್ಯವಾಗಿ ಬರೆಯುವ ಕ್ರಮವೇನು?

ಪುಸ್ತಕ ಮುಚ್ಚಿಟ್ಟು ಕಥೆಯನ್ನು ನೆನಪಿನಿಂದ ಹೇಳಿಕೊಳ್ಳಿ. ಮರೆತುಹೋದ ಭಾಗ ಸಾಮಾನ್ಯವಾಗಿ ನಾಟಕಕ್ಕೂ ಬೇಡದ್ದೇ ಆಗಿರುತ್ತದೆ. ಆಮೇಲೆ ಕ್ರಿಯಾಪದಗಳನ್ನಷ್ಟೇ ಸಾಲಾಗಿ ಬರೆಯಿರಿ: ತಟ್ಟಿದಳು, ಓಡಿದ, ಅಡಗಿದ, ಕದ್ದ, ನುಂಗಿತು. "ಯೋಚಿಸಿದ", "ದುಃಖಪಟ್ಟಳು", "ಬಡವಳಾಗಿದ್ದಳು" ಎಂಬಂಥವನ್ನು ಬೇರೆ ಕಾಲಂಗೆ ಹಾಕಿ. ಈ ಎರಡನೇ ಕಾಲಂನ ಒಂದೊಂದು ಪದಕ್ಕೂ ಕಣ್ಣಿಗೆ ಕಾಣುವ ಒಂದು ಕೆಲಸ ಹುಡುಕುವುದೇ ರೂಪಾಂತರದ ಮುಕ್ಕಾಲು ಪಾಲು ಶ್ರಮ.

ಉದಾಹರಣೆಗೆ, ಕಥೆಯಲ್ಲಿ ಹೀಗಿದೆ ಎನ್ನಿ: ಒಂದೂರಲ್ಲಿ ಒಬ್ಬ ಮುದುಕಿ, ಅವಳಿಗೆ ಬಹಳ ಬಡತನ, ಅವತ್ತು ಮನೆಯಲ್ಲಿ ಹಿಟ್ಟೂ ಇರಲಿಲ್ಲ. ರಂಗದ ಮೇಲೆ:

(ಅಜ್ಜಿ ರಾಗಿ ಡಬ್ಬ ಅಲ್ಲಾಡಿಸುತ್ತಾಳೆ. ಸದ್ದಿಲ್ಲ. ಬೋರಲು ಹಾಕಿ ತಳ ತಟ್ಟುತ್ತಾಳೆ. ಒಂದೇ ಒಂದು ಕಾಳು ಬೀಳುತ್ತದೆ.)
ಅಜ್ಜಿ: ಏನವ್ವಾ, ನೀನೊಬ್ಳೇ ಉಳ್ಕೊಂಡಾ?
(ಕೋಳಿ ಬಂದು ಕಾಳು ನುಂಗುತ್ತದೆ.)
ಅಜ್ಜಿ: ಆಯ್ತು ಬುಡು. ಇವತ್ತು ನಿಂದೇ ಹಬ್ಬ.

"ಬಡತನ" ಎಂಬ ಪದ ಎಲ್ಲೂ ಬರಲಿಲ್ಲ, ಕೋಳಿಯಾದ ಮಗುವಿಗೂ ಒಂದು ಕೆಲಸ ಸಿಕ್ಕಿತು.

ಬರೆದಾದ ಮೇಲೆ ಜೋರಾಗಿ ಓದಿ ಹೊತ್ತು ನೋಡಿ. ಆಡುವಾಗ ಅದರ ಒಂದೂವರೆ ಪಟ್ಟು ಹಿಡಿಯುತ್ತದೆ. ಎಂಟು ವರ್ಷದೊಳಗಿನ ಪ್ರೇಕ್ಷಕರಿಗೆ 25 ನಿಮಿಷ, ದೊಡ್ಡ ಮಕ್ಕಳಿಗೆ 40 ನಿಮಿಷ ಸಾಕು. ಒಂದು ಮಗುವಿಗೆ ಒಂದು ಸಲಕ್ಕೆ ಎರಡು ಸಾಲಿಗಿಂತ ಉದ್ದದ ಮಾತು ಬೇಡ.

ನಿರೂಪಕ ಬೇಕೇ?

ಮೂಲೆಯಲ್ಲಿ ಮೈಕ್ ಮುಂದೆ ಕಾಗದ ಹಿಡಿದು ಓದುವ ನಿರೂಪಕ ಬೇಡ. ಅವನು "ರಾಜನಿಗೆ ಕೋಪ ಬಂತು" ಎಂದ ಮೇಲೆ ರಾಜನಾದ ಹುಡುಗ ಕೋಪ ಮಾಡಿಕೊಳ್ಳುತ್ತಾನೆ. ಒಂದೇ ಸಂಗತಿ ಎರಡು ಸಲವಾಗಿ ಎರಡೂ ಸಪ್ಪೆಯಾಗುತ್ತವೆ.

ಹೇಳಲೇಬೇಕಾದ್ದಿದ್ದರೆ ಭಾಗವತನನ್ನು ತನ್ನಿ. ಹಾಸನದ ಬಯಲುಸೀಮೆ ಕಡೆಯ ಮೂಡಲಪಾಯ ಬಯಲಾಟದಲ್ಲಾಗಲಿ, ಶೃಂಗೇರಿ ಕಡೆ ಆಡುವ ಯಕ್ಷಗಾನದಲ್ಲಾಗಲಿ ಭಾಗವತ ಸುಮ್ಮನೆ ವರದಿ ಒಪ್ಪಿಸುವುದಿಲ್ಲ. ಹಾಡುತ್ತಾನೆ, ಪಾತ್ರವನ್ನು ಪ್ರಶ್ನೆ ಕೇಳುತ್ತಾನೆ, ಕೆಣಕುತ್ತಾನೆ. ಕಾಲ ಹಾರಿಸುವುದು ("ಹನ್ನೆರಡು ವರ್ಷ ಕಳೀತು"), ಸ್ಥಳ ಬದಲಿಸುವುದು ಈ ಎರಡನ್ನು ಮಾತ್ರ ಅವನ ಹಾಡಿಗೆ ಬಿಡಿ. ಒಬ್ಬನೇ ಇರಬೇಕೆಂದೇನಿಲ್ಲ, ಐದಾರು ಮಕ್ಕಳ ಮೇಳವಾದರೂ ಸರಿ.

ತರಗತಿಯಲ್ಲಿ 40 ಮಕ್ಕಳಿದ್ದಾರೆ. ಎಲ್ಲರಿಗೂ ಪಾತ್ರ ಎಲ್ಲಿಂದ ತರುವುದು?

ಮಾತಿನ ಪಾತ್ರ 8ರಿಂದ 10. ಹಿಮ್ಮೇಳಕ್ಕೆ 6. ಸಾಮಾನು, ವೇಷ, ಪರದೆಗೆ 4. ಉಳಿದ 20 ಮಂದಿ ಕಾಡು, ನದಿ, ಮಳೆ, ಊರು ಎಲ್ಲವೂ ಆಗುತ್ತಾರೆ. ಈ ಗುಂಪನ್ನು ಹಿಂದೆ ಸಾಲಾಗಿ ನಿಲ್ಲಿಸಬೇಡಿ. ಕಾಡಾದವರು ದಾರಿ ಮುಚ್ಚಬೇಕು, ಕೊಂಬೆ ಚಾಚಿ ಹುಡುಗಿಯ ಶಾಲು ಹಿಡಿಯಬೇಕು. ನದಿಗೆ ಎರಡು ಹಳೇ ಸೀರೆ ಸಾಕು. ಒಂದೊಂದೂ ಐದೂವರೆ ಮೀಟರ್ ಇರುತ್ತದೆ, ಎರಡು ತುದಿಯಲ್ಲಿ ಇಬ್ಬಿಬ್ಬರು, ನಡುವೆ ಒಬ್ಬರು ಬಗ್ಗಿ ಹಿಡಿದರೆ ಅಲೆ ಏಳುತ್ತದೆ. ನಡುವೆ ಹಿಡಿಯುವವರಿಲ್ಲದಿದ್ದರೆ ಸೀರೆ ಜೋತುಬಿದ್ದು ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ.

ಮುಖ್ಯ ಪಾತ್ರವನ್ನು ಮೂವರು ಹಂಚಿಕೊಳ್ಳಬಹುದು. ಗುರುತಿಗೆ ಒಂದೇ ಕೆಂಪು ರುಮಾಲು, ಅದನ್ನು ಪ್ರೇಕ್ಷಕರ ಎದುರಿಗೇ ಒಬ್ಬರಿಂದ ಒಬ್ಬರಿಗೆ ದಾಟಿಸಿ. ಮರೆಯಲ್ಲಿ ಬದಲಿಸಿದರೆ ಚಿಕ್ಕ ಮಕ್ಕಳು ಹೊಸ ಪಾತ್ರವೇ ಬಂತೆಂದುಕೊಳ್ಳುತ್ತಾರೆ. ಒಂದು ಮಗುವಿಗೆ ಜ್ವರ ಬಂದರೆ ನಾಟಕ ನಿಲ್ಲುವುದಿಲ್ಲ ಎಂಬುದು ಈ ವ್ಯವಸ್ಥೆಯ ಇನ್ನೊಂದು ಅನುಕೂಲ.

ಗ್ರಿಮ್ ಸಹೋದರರು ಸಂಗ್ರಹಿಸಿದ ಜರ್ಮನ್ ಕಥೆಗಳನ್ನು ನಮ್ಮ ಕಡೆಗೆ ಹೊಂದಿಸುವಾಗ ಏನನ್ನು ಬದಲಿಸಬೇಕು?

ಹೆಸರು ಬದಲಿಸಿ ಪಂಚೆ ಉಡಿಸಿದ ಮಾತ್ರಕ್ಕೆ ಕಥೆ ನಮ್ಮದಾಗುವುದಿಲ್ಲ. ಘಟನೆ ನಡೆಯಲು ಇರುವ ಕಾರಣವೇ ಇಲ್ಲಿನದಾಗಬೇಕು. ಕಾಡಿನಲ್ಲಿ ದಾರಿ ತಪ್ಪಿದ ಅಣ್ಣ ತಂಗಿಯ ಕಥೆಯಲ್ಲಿ ಬ್ರೆಡ್ಡಿನ ಚೂರು ಉದುರಿಸುತ್ತಾ ಹೋಗುತ್ತಾರೆ, ಹಕ್ಕಿಗಳು ತಿಂದುಬಿಡುತ್ತವೆ. ಇಲ್ಲಿ ಮಂಡಕ್ಕಿ ಸಾಕು: ಹಗುರ, ಬಿಳಿ, ಕಾಣಿಸುತ್ತದೆ, ಹಕ್ಕಿಯೂ ತಿನ್ನುತ್ತದೆ. ಆದರೆ ರಂಗದ ಮೇಲೆ ನಿಜವಾದ ಮಂಡಕ್ಕಿ ಚೆಲ್ಲಿದರೆ ಮುಂದಿನ ದೃಶ್ಯದವರು ತುಳಿದು ಚರಚರ ಸದ್ದಾಗುತ್ತದೆ. ಥರ್ಮಾಕೋಲ್ ಚೂರನ್ನು ದಾರಕ್ಕೆ ಪೋಣಿಸಿಟ್ಟರೆ ಹಕ್ಕಿಯಾದ ಮಗು ಒಂದು ತುದಿ ಹಿಡಿದು ಎಳೆದರೆ ಪೂರಾ ದಾರಿಯೇ ಮಾಯ. ನೋಡುವವರಿಗೆ ಇದೇ ಹೆಚ್ಚು ಖುಷಿ.

ಕೆಂಪು ಟೋಪಿಯ ಹುಡುಗಿಗೆ ತೋಳ ಎದುರಾಗುವುದು ಅರಸೀಕೆರೆ, ಕಡೂರು ಕಡೆ ಒಪ್ಪುತ್ತದೆ, ಅಲ್ಲಿನ ಕುರಿಗಾಹಿಗಳಿಗೆ ತೋಳ ಗೊತ್ತು. ಕೊಪ್ಪ, ಮೂಡಿಗೆರೆ ಕಡೆಯ ಮಕ್ಕಳಿಗೆ ಹುಲಿ, ಚಿರತೆ ಹತ್ತಿರ. ಅಜ್ಜಿ ಕಾಡಿನಲ್ಲಿ ಒಬ್ಬಳೇ ಯಾಕಿದ್ದಾಳೆ ಎಂಬ ಪ್ರಶ್ನೆಗೆ ತೋಟದಾಚೆಯ ಒಂಟಿ ಮನೆಯೇ ಉತ್ತರ. ಮಳೆಗಾಲವಾದರೆ ಹುಡುಗಿ ಗೊರಬು (ಮಳೆಗೆ ತಲೆಯ ಮೇಲಿಂದ ಹೊದೆಯುವ ಹೊದಿಕೆ) ಹೊದ್ದು ಬರಲಿ, ಆ ಗೊರಬನ್ನೇ ಹೊದ್ದು ಚಿರತೆ ಅಜ್ಜಿಯ ಮನೆಗೆ ಹೋಗಲಿ. ವೇಷ ಮರೆಸುವ ಸಮಸ್ಯೆಯೂ ಅಲ್ಲಿಗೆ ಬಗೆಹರಿಯಿತು.

ಒಂದು ಎಚ್ಚರಿಕೆ: ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆಯನ್ನು ಪೆದ್ದ ಹಾಸ್ಯಪಾತ್ರ ಮಾಡುವ ಮುಂಚೆ ಯೋಚಿಸಿ. ಕಾಡಾನೆಯಿಂದ ಗದ್ದೆ, ತೋಟ, ಕೆಲವೊಮ್ಮೆ ಮನೆಯವರನ್ನೇ ಕಳೆದುಕೊಂಡ ಮಕ್ಕಳು ಅಲ್ಲಿ ಕೂತಿರಬಹುದು.

ಹೀಗೆ ಒಗ್ಗಿಸಿದ್ದಕ್ಕೆ ನಮ್ಮ ಮಗ್ಗುಲಲ್ಲೇ ಒಳ್ಳೆಯ ಮಾದರಿಯಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಬ್ರೌನಿಂಗ್‌ನ 1842ರ ಇಂಗ್ಲಿಷ್ ಪದ್ಯದ ಹ್ಯಾಮೆಲಿನ್ ಪಟ್ಟಣವನ್ನು ಬೊಮ್ಮನಹಳ್ಳಿ ಮಾಡಿದರು, ವೇಸರ್ ನದಿ ಇದ್ದಲ್ಲಿ ತುಂಗೆಯನ್ನು ತಂದರು, ಕೊಳಲಿನವನನ್ನು ಕಿಂದರಿ ಹಿಡಿದ ಜೋಗಿ ಮಾಡಿದರು. ಊರೂರು ತಿರುಗುವ ಜೋಗಿ ನಮ್ಮಲ್ಲಿ ಇದ್ದೇ ಇದ್ದ. ಆದ್ದರಿಂದ ಅಪರಿಚಿತನೊಬ್ಬ ಬಂದು ವಾದ್ಯ ನುಡಿಸುವುದು ವಿಚಿತ್ರವೆನಿಸುವುದಿಲ್ಲ.

ಕ್ರೌರ್ಯ, ಸಾವು, ಮಲತಾಯಿ ಇವನ್ನು ತೆಗೆದುಹಾಕಬೇಕೇ?

ಪೂರ್ತಿ ತೆಗೆದರೆ ಕಥೆಯ ಬೆನ್ನೆಲುಬೇ ಹೋಗುತ್ತದೆ. ಪುಣ್ಯಕೋಟಿಯ ಹುಲಿ ಕೊನೆಗೆ ಪ್ರಾಣ ಬಿಡುತ್ತದೆ. ಅದನ್ನು "ಹುಲಿ ಸಸ್ಯಾಹಾರಿಯಾಯಿತು" ಎಂದು ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ಹಸು ಅಷ್ಟು ಕಷ್ಟಪಟ್ಟು ಮಾತು ಉಳಿಸಿಕೊಂಡದ್ದಕ್ಕೆ ತೂಕವಿರುವುದಿಲ್ಲ. ಸಾವನ್ನು ಉಳಿಸಿಕೊಂಡು ತೋರಿಸುವ ರೀತಿಯನ್ನು ಆರಿಸಿಕೊಳ್ಳಿ: ಹುಲಿ ಮುಖವಾಡ ಕಳಚಿ ನೆಲದ ಮೇಲಿಟ್ಟು ನಿಧಾನ ಹೊರನಡೆಯಲಿ, ಮುಖವಾಡದ ಮೇಲೆ ಮಾತ್ರ ಬೆಳಕು ಉಳಿಯಲಿ. ಬೀಳುವುದು, ಒದ್ದಾಡುವುದು ಬೇಡ, ಮಕ್ಕಳು ಒದ್ದಾಡಿದರೆ ಪ್ರೇಕ್ಷಕರು ನಗುತ್ತಾರೆ.

ಮಲತಾಯಿಯ ವಿಷಯ ಬೇರೆ. ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ ಹಿಮಬಿಳುಪಿನ ರಾಜಕುಮಾರಿಯನ್ನು (ಸ್ನೋ ವೈಟ್) ಕೊಲ್ಲಿಸಲು ನೋಡುವವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವರೇ ಅವಳನ್ನು ಮಲತಾಯಿ ಮಾಡಿದರು. ಸಂಗ್ರಹಿಸಿದವರೇ ತಿದ್ದಿದ್ದಾರೆಂದ ಮೇಲೆ ನಾವೂ ತಿದ್ದಬಹುದು. ತರಗತಿಯಲ್ಲಿ ಚಿಕ್ಕಮ್ಮನ ಜೊತೆ ಬೆಳೆಯುತ್ತಿರುವ ಮಗುವಿದ್ದರೆ ಆ ಪಾತ್ರವನ್ನು ಅರಮನೆಯ ದುರಾಸೆಯ ರಾಣಿ ಎಂದಷ್ಟೇ ಇಟ್ಟರೆ ಕಥೆಗೆ ಏನೂ ಕೊರತೆಯಾಗದು.

ಭಯದ ಬಗ್ಗೆ: ಚಿಕ್ಕ ಮಕ್ಕಳು ರಾಕ್ಷಸನನ್ನು ಕಂಡು ಅಳುವುದಕ್ಕಿಂತ ದಿಢೀರನೆ ಕತ್ತಲಾದಾಗ, ದೊಡ್ಡ ಸದ್ದಾದಾಗ ಅಳುವುದು ಹೆಚ್ಚು. ಆರು ವರ್ಷದೊಳಗಿನವರಿದ್ದರೆ ಪೂರ್ತಿ ಕತ್ತಲು ಮಾಡಬೇಡಿ. ರಾಕ್ಷಸ ಬರುವ ಮುನ್ನ ಚಂಡೆಯ ಸದ್ದು ಸಣ್ಣದಾಗಿ ಶುರುವಾಗಿ ಏರಲಿ.

ಹುಡುಗಿ ಮರವಾಗುವುದು, ಕಪ್ಪೆ ರಾಜಕುಮಾರನಾಗುವುದು, ಇಂಥವನ್ನು ಮಾಡುವುದು ಹೇಗೆ?

ಮರೆಮಾಚದೆ ಮಾಡುವುದೇ ಮೇಲು. ಹೂವಿನ ಮರವಾಗುವ ಹುಡುಗಿಯ ಜನಪದ ಕಥೆಯಲ್ಲಿ ಎರಡು ಕೊಡ ನೀರು ಬರುತ್ತದೆ. ಒಂದು ಕೊಡ ಸುರಿದರೆ ಹುಡುಗಿ ಮರ, ಇನ್ನೊಂದು ಸುರಿದರೆ ಮರ ಹುಡುಗಿ. ಕಥೆಯೇ ವಿಧಾನವನ್ನು ಕೊಟ್ಟಿದೆ. ಕೊಡದೊಳಗೆ ಎರಡು ಬೆರಳು ಅಗಲದ ನೀಲಿ ಬಟ್ಟೆಯ ಪಟ್ಟಿಗಳನ್ನು ಮಡಚಿಡಿ. ಅಕ್ಕ ಸುರಿಯುವಾಗ ಮೇಳದ ಆರು ಮಕ್ಕಳು ಹಿಂದಿನಿಂದ ಕೈಗಳನ್ನು ಕೊಂಬೆಯಂತೆ ಮೇಲೆತ್ತಲಿ, ಮುಷ್ಟಿಯಲ್ಲಿರುವ ಹೂ ಕೊನೆಗೆ ಬಿಚ್ಚಿಕೊಳ್ಳಲಿ. ಎಣಿಕೆ ಎಂಟಕ್ಕಿರಲಿ, ನಾಲ್ಕಕ್ಕೆ ಕೈ ಪೂರ್ತಿ ಮೇಲೆ, ಎಂಟಕ್ಕೆ ಮುಷ್ಟಿ ಬಿಚ್ಚುವುದು. ಎಣಿಕೆಯಿಲ್ಲದಿದ್ದರೆ ಆರು ಕೈ ಆರು ಹೊತ್ತಿಗೆ ಏಳುತ್ತವೆ.

ಮುಖವಾಡ ಮಾಡುವ ವಿಧಾನ?

ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ಹುಯ್ದು ಮೂರು ನಾಲ್ಕು ನಿಮಿಷ ತಿರುವಿದರೆ ಅಂಟು ಸಿದ್ಧ. ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮುಖದ ಅಚ್ಚು ಮಾಡಿ. ಮೊದಲ ಪದರ ಅಂಟಿಲ್ಲದೆ, ಬರೀ ನೀರಲ್ಲಿ ಅದ್ದಿದ ಕಾಗದ. ಇಲ್ಲದಿದ್ದರೆ ಅಚ್ಚಿನಿಂದ ಬಿಡುವುದಿಲ್ಲ. ಆಮೇಲೆ ಐದು ಪದರ, ಒಂದು ಸುದ್ದಿಪತ್ರಿಕೆ, ಒಂದು ಬಿಳಿ ಕಾಗದ ಹೀಗೆ ಬದಲಿಸುತ್ತಾ ಹೋದರೆ ಎಲ್ಲಿ ಪದರ ಬಿಟ್ಟುಹೋಗಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ಕಾಗದವನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ಚೆನ್ನಾಗಿ ಕೂರುತ್ತದೆ.

ಮೂಗಿನ ಕೆಳಗೆ ನಿಲ್ಲಿಸಿ. ಅರ್ಧ ಮುಖವಾಡವಾದರೆ ಬಾಯಿ ಬಿಡುವಾಗಿರುತ್ತದೆ, ಮಾತು ಕೇಳಿಸುತ್ತದೆ. ಕಣ್ಣಿನ ತೂತು 3 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಮಗುವಿಗೆ ಕಾಲಡಿಯ ಮೆಟ್ಟಿಲು ಕಾಣುವುದಿಲ್ಲ. ಎಲಾಸ್ಟಿಕ್ ಕಿವಿಯ ಮೇಲ್ಭಾಗದಿಂದ ಹಾದುಹೋಗಬೇಕು, ಕೆಳಗಿನಿಂದ ಹೋದರೆ ಬಗ್ಗಿದಾಗ ಜಾರುತ್ತದೆ.

ಬೇಸಿಗೆಯಲ್ಲಿ ಎರಡು ದಿನಕ್ಕೆ ಒಣಗುವುದು ಮಳೆಗಾಲದ ಮಲೆನಾಡಿನಲ್ಲಿ ವಾರವಾದರೂ ಒಣಗದೆ ಬೂಷ್ಟು ಹಿಡಿಯುತ್ತದೆ. ಒಲೆಯ ಅಟ್ಟದ ಮೇಲಿಡಿ, ಎರಡೆರಡು ಪದರಕ್ಕೊಮ್ಮೆ ಒಣಗಿಸಿ. ಬೂಷ್ಟು ತಡೆಯಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೇ ಅಭ್ಯಾಸವಿದೆ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದದ್ದು ತೋಟದ ಮನೆಗಳಲ್ಲಿ ಕೈಗೂ ಸಿಗುತ್ತದೆ. ಮಕ್ಕಳ ಮುಖಕ್ಕೆ ತಾಗುವ ವಸ್ತುವಿಗೆ ಅದನ್ನು ಖಂಡಿತ ಹಾಕಬೇಡಿ.

ಮುಖಕ್ಕೆ ನೇರ ಬಣ್ಣ ಹಚ್ಚುವುದಾದರೆ ಮೊದಲು ಕೊಬ್ಬರಿ ಎಣ್ಣೆ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಗೋಡೆ ಬಣ್ಣ, ಪೋಸ್ಟರ್ ಬಣ್ಣ ಬೇಡ.

ಮಾತು ಪುಸ್ತಕದ ಕನ್ನಡದಲ್ಲಿರಬೇಕೇ, ಊರಿನ ಕನ್ನಡದಲ್ಲೇ?

ಊರಿನದರಲ್ಲೇ. ಮನೆಮಾತಿನ ಧಾಟಿ ಸಿಕ್ಕ ಕೂಡಲೇ ಮಕ್ಕಳ ದನಿ ಏರುತ್ತದೆ, ಕೈಕಾಲು ಸಡಿಲವಾಗುತ್ತದೆ. ಚನ್ನರಾಯಪಟ್ಟಣದಲ್ಲಿ "ಯಾಕ್ಲಾ, ಎಲ್ಲಿಗೋಯ್ತಿದೀಯಾ" ಎನ್ನುವ ಕಡೆ ಶೃಂಗೇರಿಯಲ್ಲಿ "ಎಂತಕ್ಕೆ ಮಾರಾಯ, ಎಲ್ಲಿಗೆ ಹೊರಟಿದ್ದು" ಬರಲಿ. ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಳ್ಳಿ: ರಾಜ ರಾಣಿಯರಿಗೆ ಗ್ರಾಂಥಿಕ, ಆಳುಗಳಿಗೂ ಪೆದ್ದರಿಗೂ ಹಳ್ಳಿ ಮಾತು ಎಂದು ಹಂಚಬಾರದು. ತಮ್ಮ ಮನೆಯ ಮಾತು ಬಂದಾಗೆಲ್ಲ ಜನ ನಗುತ್ತಾರೆ ಎಂದು ಮಕ್ಕಳು ಕಲಿಯುವುದು ಇಲ್ಲಿಂದಲೇ.

ಕೊನೆಯಲ್ಲಿ ನೀತಿ ಹೇಳಿಸಬೇಕೇ?

ಬೇಡ. ಸಾಲಾಗಿ ನಿಂತು "ಇದರಿಂದ ತಿಳಿಯುವ ನೀತಿ" ಎನ್ನುವಷ್ಟರಲ್ಲಿ ಪ್ರೇಕ್ಷಕರು ಚಪ್ಪಲಿ ಹುಡುಕುತ್ತಿರುತ್ತಾರೆ.

ತಾಲೀಮು ಎಷ್ಟು ದಿನ, ಯಾವ ತಿಂಗಳಲ್ಲಿ?

ದಿನಕ್ಕೆ ಒಂದೂವರೆ ಗಂಟೆಯಂತೆ 20 ದಿನ. ಮೊದಲ ಐದು ದಿನ ಮಾತಿನ ಹಾಳೆ ಕೊಡಲೇಬೇಡಿ. ಕಥೆ ಹೇಳಿ, ಮಕ್ಕಳು ತಮ್ಮ ಮಾತಿನಲ್ಲೇ ಆಡಲಿ, ಚೆನ್ನಾಗಿ ಬಂದದ್ದನ್ನು ಬರೆದುಕೊಳ್ಳಿ. ಮೊದಲೇ ಬಾಯಿಪಾಠ ಮಾಡಿಸಿದರೆ ಪಕ್ಕದವರ ಮಾತನ್ನು ಕೇಳದೆ ತಮ್ಮ ಸರದಿಗಷ್ಟೇ ಕಾಯುತ್ತಾರೆ. ಒಬ್ಬರು ಸಾಲು ಮರೆತರೆ ಎಲ್ಲರೂ ನಿಲ್ಲುತ್ತಾರೆ. ಕೊನೆಯ ಐದು ದಿನ ಸಾಮಾನು, ವೇಷ ಸಮೇತ ಆಗಬೇಕು. ಮುಖವಾಡ ಹಾಕಿ ಮೆಟ್ಟಿಲು ಇಳಿಯುವುದು ಒಂದು ದಿನದಲ್ಲಿ ರೂಢಿಯಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಶೀಟಿನ ಮಾಡಿನ ಕೆಳಗೆ ಮಾತಿನ ನಾಟಕ ಆಗದ ಮಾತು. ಮಳೆಯ ಸದ್ದಿಗೆ ಮೈಕೂ ಸೋಲುತ್ತದೆ. ಆ ದಿನಗಳಲ್ಲಿ ಮೂಕಾಭಿನಯ, ತಮಟೆ ಚಂಡೆಯ ಆಟ, ನೆರಳು ಗೊಂಬೆ ಇಟ್ಟುಕೊಳ್ಳಿ. ಬಯಲಿನಲ್ಲಿ ಆಡಲು ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಆದರೆ ಕಾಫಿ ಕುಯ್ಲೂ ಆಗಲೇ, ತೋಟದ ಕೆಲಸಕ್ಕೆ ಹೋಗುವ ತಂದೆತಾಯಿ ಬರಬೇಕಾದರೆ ಭಾನುವಾರ ಸಂಜೆ ಇಡಿ.

ಮೈಕ್ ಹೇಗೆ ಬಳಸುವುದು?

ಕೈಯಿಂದ ಕೈಗೆ ದಾಟಿಸುವ ಮೈಕ್ ನಾಟಕವನ್ನು ಕೊಲ್ಲುತ್ತದೆ. ರಂಗದ ಮುಂಚೂಣಿಯಲ್ಲಿ ಎರಡೋ ಮೂರೋ ಮೈಕನ್ನು ಸ್ಪಂಜಿನ ತುಂಡಿನ ಮೇಲೆ ನೆಲದಲ್ಲೇ ಇಡಿ. ಸ್ಪಂಜಿಲ್ಲದಿದ್ದರೆ ಹೆಜ್ಜೆ ಸದ್ದೆಲ್ಲ ಗುಡುಗಾಗುತ್ತದೆ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ, ಇಲ್ಲವಾದರೆ ಕುಂಯ್ ಎಂಬ ಕೂಗು ಏಳುತ್ತದೆ. ತಾಲೀಮನ್ನೆಲ್ಲ ತರಗತಿ ಕೋಣೆಯಲ್ಲಿ ಮಾಡಿ ಹಾಸನಾಂಬ ಕಲಾಕ್ಷೇತ್ರದಂಥ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಂಥ ದೊಡ್ಡ ಸಭಾಂಗಣಕ್ಕೆ ನೇರವಾಗಿ ಹೋದರೆ ಮಕ್ಕಳ ಚಲನೆಯೂ ದನಿಯೂ ಕುಗ್ಗಿ ಕಾಣುತ್ತವೆ. ಕೊನೆಯ ವಾರ ಆಟದ ಮೈದಾನದಲ್ಲಿ ತಾಲೀಮು ಮಾಡಿಸಿ.

ನೆರಳು ಗೊಂಬೆಗೆ ಏನೇನು ಬೇಕು?

2 ಮೀಟರ್ ಅಗಲ, 1.2 ಮೀಟರ್ ಎತ್ತರದ ಬಿಳಿ ಹತ್ತಿ ಬಟ್ಟೆ, ಸುಕ್ಕಿಲ್ಲದೆ ಬಿಗಿಯಾಗಿ. ಅದರ ಕೆಳಗೆ ನೆಲದವರೆಗೆ ಕಪ್ಪು ಬಟ್ಟೆ, ಆಡಿಸುವವರು ಮರೆಯಲ್ಲಿರಲು. ಹಿಂದೆ ಒಂದೂವರೆ ಮೀಟರ್ ದೂರದಲ್ಲಿ ಒಂದೇ ಒಂದು ದೀಪ. ನೆರಳು ಮಸುಕಾಗಲು ಎರಡೇ ಕಾರಣ: ಗೊಂಬೆ ಪರದೆಯಿಂದ ದೂರವಿದೆ, ಇಲ್ಲವೇ ದೀಪ ದೊಡ್ಡದಿದೆ. ಟ್ಯೂಬ್‌ಲೈಟ್, ಅಗಲದ ಪ್ಯಾನೆಲ್ ದೀಪ ಬೇಡ, ಸಣ್ಣ ಬಿಂದುವಿನಂಥ ಎಲ್‌ಇಡಿ ಚೂಪು ನೆರಳು ಕೊಡುತ್ತದೆ. ದೀಪದ ಚುಕ್ಕೆ ಬಟ್ಟೆಯ ಮೂಲಕ ಪ್ರೇಕ್ಷಕರ ಕಣ್ಣಿಗೆ ಹೊಡೆದರೆ ಅದನ್ನು ಪರದೆಯ ಮೇಲಂಚಿಗಿಂತ ಎತ್ತರಕ್ಕೇರಿಸಿ ಕೆಳಮುಖ ಮಾಡಿ.

ನಮ್ಮ ತೊಗಲು ಗೊಂಬೆಗಳು ಹದ ಮಾಡಿದ ಚರ್ಮದವು. ಬೆಳಕು ತೂರಿ ಬಣ್ಣ ಹೊಳೆಯುತ್ತದೆ. ದಪ್ಪ ರಟ್ಟಿನದು ಬರೀ ಕಪ್ಪು ನೆರಳು. ಕಣ್ಣು, ಆಭರಣ, ಸೀರೆಯ ಅಂಚನ್ನು ಕೊರೆದು ಹಿಂದಿನಿಂದ ಬಣ್ಣದ ಜಿಲೆಟಿನ್ ಕಾಗದ ಅಂಟಿಸಿದರೆ ಆ ಹೊಳಪು ಸ್ವಲ್ಪಮಟ್ಟಿಗೆ ಸಿಗುತ್ತದೆ. ಗೊಂಬೆ ಒಂದಡಿಗಿಂತ ಚಿಕ್ಕದಾದರೆ ಹಿಂದಿನ ಸಾಲಿಗೆ ಕಾಣದು. ಒಂದೇ ಕೈಯನ್ನು ಕೀಲಿಟ್ಟು ಚಲಿಸುವಂತೆ ಮಾಡಿ. ಎರಡೂ ಕೈ, ಎರಡೂ ಕಾಲು ಆಡುವ ಗೊಂಬೆಯನ್ನು ಹತ್ತು ವರ್ಷದ ಮಗು ನಿಭಾಯಿಸಲಾರದು.

ನಾಟಕವೇ ಬೇಡ, ಒಬ್ಬರೇ ಕಥೆ ಹೇಳಬೇಕು. ಬೇರೆ ಯಾವ ರೂಪಗಳಿವೆ?

ಚಿತ್ರಪಟ ಸುಲಭ. ಜಪಾನಿನ ಕಮಿಶಿಬಾಯಿ ಪದ್ಧತಿಯಲ್ಲಿ 12ರಿಂದ 16 ದಪ್ಪ ಹಾಳೆಗಳ ಮೇಲೆ ಚಿತ್ರ, ಹಿಂದೆ ಮಾತು. ಮೊದಲ ಚಿತ್ರದ ಮಾತನ್ನು ಕೊನೆಯ ಹಾಳೆಯ ಬೆನ್ನಿಗೆ ಬರೆಯಬೇಕು, ಏಕೆಂದರೆ ಹೇಳುವವರಿಗೆ ಎದುರಾಗಿರುವುದು ಅದೇ. ಜನರೆದುರಿನ ಹಾಳೆಯನ್ನು ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಅದರ ಹಿಂದಿನ ಚಿತ್ರದ ಹುಲಿಯ ಬಾಲ ಮಾತ್ರ ಕಾಣುತ್ತದೆ, ಕುತೂಹಲಕ್ಕೆ ಅಷ್ಟು ಸಾಕು.

ಬಾನುಲಿ ರೂಪಕ್ಕೆ 15 ನಿಮಿಷ, ನಾಲ್ಕು ದನಿ. ದನಿಗಳು ಒಂದಕ್ಕೊಂದು ಹೋಲಬಾರದು. ಯಾರು ಬಂದರು, ಯಾರು ಹೋದರು ಎಂಬುದು ಮಾತಿನಲ್ಲೇ ತಿಳಿಯಬೇಕು. ತೆಂಗಿನ ಚಿಪ್ಪು ಕುದುರೆ, ಮೊರದಲ್ಲಿ ಉರುಳಿಸಿದ ಅಕ್ಕಿ ಮಳೆ.

ಯಾರ ಅನುಮತಿ ಬೇಕು?

ಜನಪದ ಕಥೆಗೆ ಯಾರದ್ದೂ ಬೇಡ. 1697ರಲ್ಲಿ ಕಥೆಗಳನ್ನು ಪ್ರಕಟಿಸಿದ ಫ್ರಾನ್ಸಿನ ಪೆರೋ, ಗ್ರಿಮ್ ಸಹೋದರರು, 1875ರಲ್ಲಿ ತೀರಿಕೊಂಡ ಡೆನ್ಮಾರ್ಕಿನ ಆಂಡರ್ಸನ್ ಇವರ ಮೂಲಗಳೂ ಮುಕ್ತ. ಆದರೆ ಅವುಗಳ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕಿರುತ್ತದೆ. ಡಿಸ್ನಿ ಚಿತ್ರದಲ್ಲಿ ಬರುವ ಹಾಡು, ಕುಳ್ಳರ ಹೆಸರು, ವೇಷ ಕೂಡ ಮುಕ್ತವಲ್ಲ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಕುವೆಂಪು 1994ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ ಶಾಲೆಗಳಿಗೆ ವಿನಾಯಿತಿ ಕೊಟ್ಟಿದೆ. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು ಆಡಿ, ಮಕ್ಕಳು, ಸಿಬ್ಬಂದಿ, ಪೋಷಕರು, ಶಾಲೆಗೆ ನೇರ ಸಂಬಂಧಪಟ್ಟವರು ಮಾತ್ರ ನೋಡಿದರೆ ಹಕ್ಕಿನ ಉಲ್ಲಂಘನೆಯಾಗದು. ಹವ್ಯಾಸಿ ಸಂಘಗಳು ಹಣ ಪಡೆಯದೆ ಆಡಿದರೂ ವಿನಾಯಿತಿಯಿದೆ. ಟಿಕೆಟ್ ಇಟ್ಟರೆ, ಯೂಟ್ಯೂಬ್‌ಗೆ ಹಾಕಿದರೆ ಈ ವಿನಾಯಿತಿಯನ್ನು ನಂಬಿಕೊಳ್ಳಬೇಡಿ, ಲೇಖಕರಿಂದಲೋ ವಾರಸುದಾರರಿಂದಲೋ ಪತ್ರ ಬರೆಸಿಕೊಳ್ಳಿ.